ಜಗಳಗಂಟಿ ಭಾಷೆ

ಜೂನ್ 3, ಸೋಮವಾರ

ಇವತ್ತೂ ತಲೆಯಾಡಿಸಿ ಬಂದೆ.

ಮೀಟಿಂಗಿನಲ್ಲಿ ಮ್ಯಾನೇಜರ್ ತರಬೇತಿಯ ಸುದ್ದಿ ಹೇಳಿದರು. ಈಗ ಲೋಕವೆಲ್ಲ ಬಳಸುತ್ತಿರುವ ಆ ದೊಡ್ಡ ಪ್ರೋಗ್ರಾಮಿಂಗ್ ಭಾಷೆಯನ್ನು ನಾವೆಲ್ಲ ಕಲಿಯಬೇಕಂತೆ. ಎರಡು ತಿಂಗಳು, ಆಫೀಸು ಮುಗಿದ ಮೇಲೆ ಕ್ಲಾಸು, ಕೊನೆಗೊಂದು ಪರೀಕ್ಷೆ. ಪಾಸಾದವರಿಗೆ ಹೊಸ ಪ್ರಾಜೆಕ್ಟು. ಈ ಮನುಷ್ಯ ಸ್ಲೈಡಿಲ್ಲದೆ ಬಾಯಿ ಬಿಡುವುದಿಲ್ಲ. ಅದಕ್ಕೇ ಬೆನ್ನ ಹಿಂದೆ ನಾವೆಲ್ಲ ಸ್ಲೈಡಪ್ಪ ಅನ್ನುವುದು. ಕೊನೆಯ ಸ್ಲೈಡಿನಲ್ಲಿ ಒಂದು ರಾಕೆಟ್ ಹಾರುತ್ತಿತ್ತು. ಅದನ್ನು ಅದರ ಪಾಡಿಗೆ ಹಾರಲು ಬಿಟ್ಟು ನನ್ನ ಕಡೆ ತಿರುಗಿ, "ಮೇಡಂ, ಈ ವಯಸ್ಸಲ್ಲಿ ನಿಮಗೆ ಸ್ವಲ್ಪ ಕಷ್ಟ ಆಗ್ಬಹುದು. ಆದ್ರೂ ಒಂದು ಕೈ ನೋಡಿ" ಎಂದರು.

ಈ ವಯಸ್ಸು ಎಂದರೆ ನಲವತ್ತೇಳು. ಸ್ಲೈಡಪ್ಪ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ನಾನು ಈ ಕಂಪನಿಯ ಪಂಪುಗಳನ್ನು ನೋಡಿಕೊಳ್ಳುತ್ತಿದ್ದೆ. ರೋಗಿಯ ನರದೊಳಕ್ಕೆ ಗಂಟೆಗೆ ಇಷ್ಟೇ ಎಂದು ಔಷಧ ಬಿಡುವ ಯಂತ್ರ ಅದು, ಆಟದ ಸಾಮಾನಲ್ಲ.

ನಾನು ಹೇಳಬೇಕೆಂದಿದ್ದೇ ಬೇರೆ. ಹೋದ ತಿಂಗಳು ರೈಲಿನ ಬ್ರೇಕುಗಳ ಬಗ್ಗೆ ಏನೋ ಓದುತ್ತಿದ್ದಾಗ ಒಂದು ಸಣ್ಣ ಭಾಷೆಯ ಹೆಸರು ಕಣ್ಣಿಗೆ ಬಿತ್ತು. ಬಳಸುವವರು ಬೆರಳೆಣಿಕೆಯಷ್ಟು. ಏನೇನು ಆಗಬಹುದೋ ಅದಕ್ಕೆಲ್ಲ ಉತ್ತರ ಬರೆಯುವವರೆಗೆ ಅದು ಪ್ರೋಗ್ರಾಮನ್ನು ಒಪ್ಪಿಕೊಳ್ಳುವುದೇ ಇಲ್ಲವಂತೆ. ಬಾಕಿ ಭಾಷೆಗಳಿಗೆ 'ಹಾಗೆಲ್ಲ ಆಗಲ್ಲ ಬಿಡು' ಎಂದರೆ ಸಾಕು, ನಂಬಿಬಿಡುತ್ತವೆ. ಇದು ನಂಬುವುದಿಲ್ಲ. ಪಂಪಿಗೆ ಬೇಕಾದದ್ದು ಇದೇ ಅಲ್ಲವೇ ಎಂದು ಕೇಳಬೇಕೆಂದುಕೊಂಡಿದ್ದೆ. ಕೇಳಲಿಲ್ಲ. ರಾಕೆಟ್ ನೋಡುತ್ತಾ ತಲೆಯಾಡಿಸಿದೆ. ಥೂ ನನ್ನ.

ಜೂನ್ 6, ಗುರುವಾರ

ಮನೆಯಲ್ಲಿ ವಿಷಯ ಎತ್ತಿದೆ. ಎತ್ತಬಾರದಿತ್ತು.

ಮಗಳು ಕಂಪ್ಯೂಟರ್ ಓದುತ್ತಿರುವವಳು, ಕೊನೆಯ ವರ್ಷ. ಊಟದ ಮೇಜಿನ ಮೇಲೇ ಫೋನು ತೆಗೆದು ಹುಡುಕಿದಳು. "ಅಮ್ಮಾ, ಇಡೀ ದೇಶದಲ್ಲಿ ಈ ಭಾಷೆಗೆ ಒಂದೇ ಒಂದು ಕೆಲಸ ಖಾಲಿ ಇರೋದು. ಅದಕ್ಕೂ ಗಣಿತದಲ್ಲಿ ಡಾಕ್ಟರೇಟ್ ಕೇಳಿದಾರೆ. ನೀನು ಸುಮ್ನೆ ಎಲ್ಲರೂ ಕಲಿಯೋದನ್ನ ಕಲಿ."

ಇವರು ಬಸ್ಸು ಓಡಿಸುವವರು, ಎಲ್ಲವನ್ನೂ ಬಸ್ಸಿಗೇ ತಂದು ನಿಲ್ಲಿಸುತ್ತಾರೆ. "ಯಾರೂ ಹತ್ತದ ರೂಟಲ್ಲಿ ನಾನೂ ಗಾಡಿ ಓಡ್ಸಿದೀನಿ ಕಣೇ. ಆರಾಮಾಗೇನೋ ಇರುತ್ತೆ. ಆದ್ರೆ ಆರು ತಿಂಗಳಿಗೆ ಡಿಪೋದೋರು ರೂಟೇ ಎತ್ತಿಬಿಡ್ತಾರೆ." ಆಮೇಲೆ ತಟ್ಟೆ ತೊಳೆಯುತ್ತಾ ಮೆತ್ತಗೆ ಕೇಳಿದರು: "ಕಲಿತ್ರೆ ಏನು ಸಿಗುತ್ತೆ ನಿಂಗೆ?"

ಒರೆಸುವ ಬಟ್ಟೆ ಕೊಟ್ಟೆ. ಸಿಗುವುದೇನೋ ತಿಳಿಯದು, ಹೋಗುವುದೇನೆಂದು ಗೊತ್ತು. ಇವರು ಡ್ಯೂಟಿಗೆ ಹೊರಟ ಮೇಲೆ, ನಾನು ಆಫೀಸಿಗೆ ಹೊರಡುವುದರೊಳಗೆ, ಬೆಳಿಗ್ಗೆ ಒಂದೂವರೆ ಗಂಟೆ ನನ್ನದು. ಕ್ಲಾಸಿಗೆ ಸೇರಿದರೆ ಅದರ ಹೋಂವರ್ಕಿಗೆ ಆ ಹೊತ್ತು ಹೋಗುತ್ತದೆ. ಎರಡು ದೋಣಿಯಲ್ಲಿ ಕಾಲಿಡಲು ನನ್ನಿಂದಾಗದು.

ಆದರೆ ಮಗಳ ಆ 'ಸುಮ್ನೆ' ಇದೆಯಲ್ಲ, ಅದು ಚುಚ್ಚುತ್ತಿದೆ. ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಸುಮ್ಮನೆಯೇ.

ಜೂನ್ 17, ಸೋಮವಾರ

ಆಸ್ಪತ್ರೆಯೊಂದರಿಂದ ನಮ್ಮ ಪಂಪು ವಾಪಸು ಬಂದಿದೆ. ಒಬ್ಬ ಮುದುಕರಿಗೆ ಗಂಟೆಗೆ ಇಪ್ಪತ್ತು ಮಿಲಿ ಹೋಗುತ್ತಿದ್ದ ಔಷಧವನ್ನು ಎರಡಕ್ಕೆ ಇಳಿಸಬೇಕಿತ್ತು, ಇಪ್ಪತ್ತೇ ಹೋಗಿದೆ. ಮನುಷ್ಯ ಬದುಕಿದರು, ಸಾವಿನ ಹೊಸಿಲು ಮುಟ್ಟಿ ಬಂದು. ಪಾಳಿಯಲ್ಲಿದ್ದ ನರ್ಸನ್ನು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿ ಕೂರಿಸಿದ್ದಾರೆ.

ಪಂಪಿನ ನೆನಪಿನಲ್ಲಿ ಏನಿದೆ ನೋಡಿ ಎಂದು ಸ್ಲೈಡಪ್ಪ ನನಗೆ ಕೊಟ್ಟರು. ನೋಡಿದೆ. ಮೊದಲಿನಿಂದ ಕೊನೆವರೆಗೂ ಇಪ್ಪತ್ತೇ ಇದೆ, ಬದಲಾಗಿಲ್ಲ. "ಅಂದ್ರೆ ಆಕೆ ಬದಲಾಯ್ಸೇ ಇಲ್ಲ. ಸುಸ್ತಾಗಿರ್ತಾರೆ ಪಾಪ, ಮರೆತಿರ್ತಾರೆ" ಎಂದರು. ಅವರು 'ಪಾಪ' ಎಂದರೆ ನನಗೆ ಯಾಕೋ ಭಯ. ಯಂತ್ರದಲ್ಲಿ ದೋಷ ಕಂಡಿಲ್ಲ ಎಂದು ಬರೆದುಕೊಡಿ ಎಂದರು. ಇನ್ನೆರಡು ದಿನ ನೋಡುತ್ತೇನೆ ಎಂದೆ. ಅಷ್ಟೇ ಎಂದದ್ದು.

ಜೂನ್ 18, ಮಂಗಳವಾರ

ನರ್ಸ್ ನಮ್ಮ ಆಫೀಸಿಗೇ ಬಂದಿದ್ದಳು. ರಿಸೆಪ್ಶನ್ನಿನಲ್ಲಿ ಕೂತಿದ್ದಳು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಅದರ ಮೇಲೆ. ಮೂವತ್ತರ ಆಚೀಚೆ. ಯಾರೂ ಒಳಗೆ ಕರೆಯುತ್ತಿರಲಿಲ್ಲ. ನೀರು ಬೇಕಾ ಎಂದು ಕೇಳುವ ನೆಪದಲ್ಲಿ ಹತ್ತಿರ ಹೋದೆ.

"ಅಕ್ಕಾ, ಸ್ಕ್ರೀನ್ ಮೇಲೆ ಎರಡು ಅಂತಾನೇ ಇತ್ತು. ಹಾಕಿ, ಓಕೆ ಒತ್ತಿ, ಕಣ್ಣಾರೆ ನೋಡಿ ಆಮೇಲೇನೇ ಪಕ್ಕದ ಪೇಷಂಟ್ ಹತ್ರ ಹೋಗಿದ್ದು."

"ಪಂಪಿನ ದಾಖಲೆಯಲ್ಲಿ ಇಪ್ಪತ್ತೇ ಇದೆಯಮ್ಮ" ಎಂದೆ.

"ನಿಮ್ಮ ಮಿಷನ್ ಬರ್ಕೊಂಡಿದ್ದು ನಿಜ, ನಾನು ನೋಡಿದ್ದು ಸುಳ್ಳು. ಅಷ್ಟೇ ಅಲ್ವಾ?" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನವೆಲ್ಲ ಪಂಪಿನ ಮುಂದೆ ಕೂತು ಇಪ್ಪತ್ತನ್ನು ಎರಡು ಮಾಡಿದೆ, ಎರಡನ್ನು ಇಪ್ಪತ್ತು ಮಾಡಿದೆ. ಹೇಳಿದಂತೆ ಕೇಳುತ್ತದೆ, ಮಗ್ಗುಲ ಮನೆಯ ಒಳ್ಳೆ ಹುಡುಗಿಯ ಹಾಗೆ. ಕೋಡನ್ನು ಓದಿದೆ. ಈ ಭಾಗ ಬರೆದವರು ಕಂಪನಿ ಬಿಟ್ಟು ಯಾವ ಕಾಲವೋ ಆಯಿತು. ಉಳಿದವಳು ನಾನು, ಓದಿ ಓದಿ ಬಾಯಿಪಾಠವಾಗಿದೆ. ಬಾಯಿಪಾಠವಾದದ್ದರಲ್ಲಿ ತಪ್ಪು ಕಾಣುವುದು ಹೇಗೆ? ಕಣ್ಣು ಜಾರಿಕೊಂಡು ಹೋಗುತ್ತದೆ. ನನ್ನ ಮಾತನ್ನು ನಂಬದ ಯಾರಾದರೂ ಪಕ್ಕದಲ್ಲಿ ಕೂತು 'ಹೀಗಾದರೆ? ಹಾಗಾದರೆ?' ಎಂದು ಕೊರೆಯಬೇಕು.

ಕ್ಲಾಸಿಗೆ ಹೆಸರು ಕೊಡಲಿಲ್ಲ.

ಜೂನ್ 20, ಗುರುವಾರ

ಸ್ಲೈಡಪ್ಪ ನನ್ನ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತರು. "ಮೇಡಂ, ಪಂಪಿನ ವರದಿ ವಿಚಾರಣೆ ಹೊತ್ತಿಗೆ ಕೊಟ್ರೆ ಸಾಕು. ಕ್ಲಾಸಿಗೆ ನಿಮ್ಮ ಹೆಸರೊಂದೇ ಬಾಕಿ."

ಬೇರೆ ಭಾಷೆ ಕಲಿಯುತ್ತಿದ್ದೇನೆ ಎಂದೆ. ಯಾವುದೆಂದು ಹೇಳಿದೆ. ನಕ್ಕರು. "ಅದು ಗೊತ್ತಿರೋರೆಲ್ಲ ಸೇರಿದ್ರೂ ಒಂದು ಲಿಫ್ಟ್ ತುಂಬಲ್ಲ ಮೇಡಂ. ಹವ್ಯಾಸಕ್ಕೆ ತೋಟಗಾರಿಕೆ ಮಾಡಿ. ಇದು ಕೆಲಸ."

ನಾನೂ ನಕ್ಕೆ. ಯಾಕೆ ನಕ್ಕೆನೋ. ಮನೆಗೆ ಬರುವ ದಾರಿಯುದ್ದಕ್ಕೂ ಅವರಿಗೆ ಉತ್ತರ ಕೊಟ್ಟೆ. ಸಿಗ್ನಲ್ಲಿನಲ್ಲಿ ನಿಂತಾಗ ಒಂದು, ತರಕಾರಿ ಆರಿಸುವಾಗ ಒಂದು. ಲಿಫ್ಟಿಗೆ ಎಷ್ಟು ಜನ ಹತ್ತುತ್ತಾರೆ ಅನ್ನುವುದಕ್ಕಿಂತ ಅದು ಎರಡು ಮಹಡಿ ನಡುವೆ ಬಾಗಿಲು ತೆರೆಯುತ್ತದೋ ಇಲ್ಲವೋ ಅನ್ನುವುದು ಮುಖ್ಯ ಸ್ವಾಮೀ! ಎಷ್ಟು ಚೆನ್ನಾಗಿತ್ತು. ಸೊಪ್ಪಿನವಳ ಮುಂದೆ ಹೊಳೆದು ಏನು ಪ್ರಯೋಜನ.

ಬಿಡುವುದಿಲ್ಲ. ಏನಾದರಾಗಲಿ, ಕಲಿತೇ ತೀರುತ್ತೇನೆ. ಆ ನಗುವಿಗಾದರೂ ಕಲಿಯುತ್ತೇನೆ.

ಜುಲೈ 2, ಮಂಗಳವಾರ

ಇದು ಭಾಷೆಯಲ್ಲ, ಅತ್ತೆ. ಏನು ಮಾಡಿದರೂ ಕೊಂಕು. ಇಪ್ಪತ್ತು ಸಾಲು ಬರೆದರೆ ಮೂವತ್ತು ಆಕ್ಷೇಪಣೆ. 'ಇಲ್ಲಿ ಸೊನ್ನೆ ಬಂದರೆ?' ಬರಲ್ಲ ಕಣೇ ಮಹಾತಾಯಿ. 'ಬರುವುದಿಲ್ಲವೆಂದು ತೋರಿಸು.' ಬೆಳಿಗ್ಗೆ ಜೋರಾಗಿಯೇ ಬೈಯುತ್ತಿದ್ದೆನೆಂದು ತೋರುತ್ತದೆ. ಇವರು ಬೂಟು ಹಾಕಿಕೊಳ್ಳುತ್ತಿದ್ದವರು ಒಂದೇ ಕಾಲಿನಲ್ಲಿ ಕುಂಟುತ್ತಾ ಬಂದರು. "ಯಾರ ಜೊತೆ ಜಗಳ?"

"ಇದರ ಜೊತೆ."

"ಒಳ್ಳೆ ಜಗಳಗಂಟಿ ಸಿಕ್ಕಿದಾಳೆ ಬಿಡು ನಿಂಗೆ" ಎಂದು ಇನ್ನೊಂದು ಬೂಟು ಹುಡುಕಿಕೊಂಡು ಹೋದರು. ಈಗ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಸಂಜೆ ಬಂದು ಕೇಳುತ್ತಾರೆ, "ಜಗಳಗಂಟಿ ಇವತ್ತು ಏನಂದ್ಳು?"

ಈ ಭಾಷೆಯವರದ್ದೊಂದು ಸಣ್ಣ ಗುಂಪಿದೆ ಅಂತರ್ಜಾಲದಲ್ಲಿ. ಒಂದು ಪ್ರಶ್ನೆ ಹಾಕಿದ್ದೆ. ನಿವೃತ್ತ ಗಣಿತದ ಮೇಷ್ಟರೊಬ್ಬರು ಸಾವಧಾನವಾಗಿ ಉತ್ತರ ಬರೆದಿದ್ದಾರೆ. ಕೊನೆಯಲ್ಲಿ ಒಂದು ಮಾತು: 'ಅದು ಬೈಯುತ್ತಿಲ್ಲಮ್ಮ, ಕೇಳುತ್ತಿದೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಬರೆದು ಮುಂದೆ ಹೋಗು.'

ಜುಲೈ 10, ಬುಧವಾರ

ಬಿಟ್ಟುಬಿಡೋಣ ಅನ್ನಿಸುತ್ತಿದೆ. ಕ್ಲಾಸಿಗೆ ಹೋಗುವವರು ಆಗಲೇ ಏನೇನೋ ಮಾಡಿ ತೋರಿಸುತ್ತಿದ್ದಾರೆ. ನನ್ನದು ಇನ್ನೂ ಪಂಪು ಆನ್ ಆಗುವುದು, ಆಫ್ ಆಗುವುದು.

ಜುಲೈ 14, ಭಾನುವಾರ

ಬಿಡಲಿಲ್ಲ. ಪಂಪಿನ ಸಣ್ಣ ನಕಲೊಂದನ್ನು ಜಗಳಗಂಟಿಯಲ್ಲಿ ಬರೆಯುತ್ತಾ ಬಂದಿದ್ದೇನೆ. ಹಳೆ ಕೋಡಿನ ಪ್ರತಿ ಸ್ಥಿತಿಯನ್ನೂ ಒಂದೊಂದಾಗಿ ತಂದು ಅದರ ಮುಂದೆ ಇಡುವುದು: ಓಡುತ್ತಿದೆ, ನಿಂತಿದೆ, ಅಂಕಿ ಬದಲಿಸುತ್ತಿದ್ದಾರೆ, ಅಲಾರಂ ಹೊಡೆಯುತ್ತಿದೆ. ಒಂದು ಸ್ಥಿತಿಯಲ್ಲಿರುವಾಗ ಇನ್ನೊಂದು ಬಂದರೆ ಏನಾಗುತ್ತದೆಂದು ಹೇಳುವುದು.

ಇವತ್ತು ಮಗಳು ಕಾಲು ಚಾಚಿಕೊಂಡು ಪಕ್ಕದಲ್ಲಿ ಕೂತಿದ್ದಳು. ಜಗಳಗಂಟಿ ಒಂದು ಕಡೆ ಹಟ ಹಿಡಿಯಿತು. ಅಂಕಿ ಬದಲಿಸುತ್ತಿರುವಾಗಲೇ ಅಲಾರಂ ಬಂದರೆ? ಇದಕ್ಕೆ ಉತ್ತರವಿಲ್ಲ ಎಂದಿತು.

"ಹಾಗೆ ಆಗಲ್ಲ ಅಂತ ಬರಿ ಅಮ್ಮ" ಎಂದಳು ಮಗಳು.

ಬರೆದೆ. ಯಾಕೆ ಆಗುವುದಿಲ್ಲ ಎಂದಿತು. ಕಾರಣ ಕೊಡಬೇಕು ಅದಕ್ಕೆ. ಒಂದು ಕೊಟ್ಟೆ, ತಳ್ಳಿಹಾಕಿತು. ಇನ್ನೊಂದು ಕೊಟ್ಟೆ. ಮಗಳಿಗೂ ಒಂದು ಹೊಳೆಯಿತು, ಅದೂ ಬಿದ್ದುಹೋಯಿತು. ಅರ್ಧ ದಿನ ಹೀಗೇ. ಆಮೇಲೆ ಮಗಳು ಕಾಲು ಕೆಳಗಿಳಿಸಿ ನೆಟ್ಟಗೆ ಕೂತಳು. "ಅಮ್ಮಾ, ನಿಜಕ್ಕೂ ಆಗಬಹುದೇನೋ?"

ಹಳೆ ಕೋಡು ತೆರೆದು ಆ ಒಂದು ದಾರಿಯನ್ನೇ ಹಿಡಿದು ಹೋದೆವು. ಅಲ್ಲಿ ಯಾರೂ ಏನೂ ಬರೆದಿರಲಿಲ್ಲ. ಇಷ್ಟು ವರ್ಷ ಆ ಖಾಲಿ ಜಾಗದ ಮೇಲೆ ಕಣ್ಣಾಡಿಸಿಕೊಂಡು ಓಡಾಡಿದ್ದೇನೆ.

ನಾಳೆ ನಿಜವಾದ ಪಂಪಿನ ಮೇಲೆ ನೋಡಬೇಕು.

ಜುಲೈ 15, ಸೋಮವಾರ

ಆಗುತ್ತದೆ.

ಪಂಪನ್ನು ಇಪ್ಪತ್ತಕ್ಕೆ ಓಡಿಸಿದೆ. ಎರಡು ಎಂದು ಹಾಕಿದೆ. ಓಕೆ ಒತ್ತುವ ಮೊದಲು ಗೋಡೆಯ ಪ್ಲಗ್ ಕಿತ್ತೆ. ಪಂಪು ಒಳಗಿನ ಬ್ಯಾಟರಿಯ ಮೇಲೆ ಓಡತೊಡಗಿ, ಕರೆಂಟ್ ಹೋಯಿತೆಂದು ಅಲಾರಂ ಕೂಗಿಕೊಂಡಿತು. ಆಗ ಓಕೆ ಒತ್ತಿದೆ. ಅಲಾರಂ ನಿಂತಿತು. ಆ ಓಕೆಯನ್ನು ಅಲಾರಂ ನುಂಗಿಕೊಂಡಿತು! ಸ್ಕ್ರೀನಿನ ಮೇಲೆ ಎರಡು, ನಿಚ್ಚಳವಾಗಿ. ನಳಿಕೆಯ ತುದಿಯಲ್ಲಿ ಹನಿ ಮಾತ್ರ ಮೊದಲಿನ ವೇಗದಲ್ಲೇ ಬೀಳುತ್ತಿದೆ. ಅಳತೆ ಗಾಜಿನಲ್ಲಿ ಹಿಡಿದೆ. ಇಪ್ಪತ್ತೇ. ಮತ್ತೆ ಮಾಡಿದೆ, ಮತ್ತೆ ಇಪ್ಪತ್ತು.

ಸ್ಲೈಡಪ್ಪನವರನ್ನು ಕರೆದು ತೋರಿಸಿದೆ. ಮುಖದ ಬಣ್ಣ ಇಳಿದುಹೋಯಿತು. ಕೆಟ್ಟವರಲ್ಲ, ಹೆದರಿದವರು. "ಸರಿ, ಮುಂದಿನ ಅಪ್‌ಡೇಟಲ್ಲಿ ಸೇರ್ಸಿಬಿಡೋಣ. ಈಗ್ಲೇ ಯಾರಿಗೂ ಹೇಳ್ಬೇಡಿ."

"ಆ ನರ್ಸ್?"

"ಅದು ಆಸ್ಪತ್ರೆಯವರ ಒಳಗಿನ ವಿಷಯ ಮೇಡಂ. ಗುರುವಾರ ವಿಚಾರಣೆ ಇದೆ, ನಾನು ಹೋಗ್ತಿದ್ದೀನಿ. ದೋಷ ಕಂಡಿಲ್ಲ ಅಂತ ನಿಮ್ಮದೊಂದು ಸಹಿ ಹಾಕ್ಕೊಡಿ."

"ಹಾಕಲ್ಲ ಸರ್. ಈ ಪಂಪು ಈಗ ಎಲ್ಲೆಲ್ಲಿ ಓಡ್ತಿದೆಯೋ ಅಲ್ಲಿಗೆಲ್ಲ ಇವತ್ತೇ ಹೇಳಿ. ಗುರುವಾರ ನಾನೂ ಬರ್ತೀನಿ."

ಮೇಲಿನವರನ್ನು ಕೇಳುತ್ತೇನೆ ಎಂದು ಹೋದರು. ಸಂಜೆಯವರೆಗೆ ಬಾಗಿಲು ಹಾಕಿಕೊಂಡು ಫೋನಿನಲ್ಲಿದ್ದರು.

ಜುಲೈ 16, ಮಂಗಳವಾರ

ಮೇಲಿನವರು 'ಪರಿಶೀಲಿಸುತ್ತಿದ್ದಾರೆ'. ನಾನು ಕಾಯಲಿಲ್ಲ. ಊಟದ ಹೊತ್ತಿಗೆ ಆಸ್ಪತ್ರೆಯ ಹಿರಿಯ ಡಾಕ್ಟರಿಗೆ ನಾನೇ ಫೋನು ಮಾಡಿದೆ. ಅಂಕಿ ಬದಲಿಸುವಾಗ ಪ್ಲಗ್ ಕೀಳಬೇಡಿ, ಸ್ಕ್ರೀನ್ ನಂಬಬೇಡಿ, ಹನಿ ಎಣಿಸಿ ಎಂದೆ. ಆಕೆ, "ಗುರುವಾರ ಪಂಪು ತಗೊಂಡೇ ಬನ್ನಿ" ಎಂದರು.

ಸ್ಲೈಡಪ್ಪನಿಗೂ ಹೇಳಿಬಿಟ್ಟೆ, ಫೋನು ಮಾಡಿದ್ದೇನೆಂದು. ಕೂಗಾಡಿದರು. ಇವರಿಗೆ ಹೇಳಿದಾಗ, "ಕೆಲಸ ಹೋದ್ರೆ ಹೋಗ್ಲಿ ಬಿಡು, ನನ್ನ ಬಸ್ಸಿದೆಯಲ್ಲ" ಎಂದರು. ಆಮೇಲೆ ಬಹಳ ಹೊತ್ತು ಟಿ.ವಿ. ಮುಂದೆ ಕೂತಿದ್ದರು, ಶಬ್ದ ಹಾಕದೆ.

ಜುಲೈ 18, ಗುರುವಾರ

ಆಸ್ಪತ್ರೆಯ ಮೂರನೇ ಮಹಡಿಯ ಕೋಣೆ. ಉದ್ದದ ಮೇಜು, ಒಂದು ತುದಿಯಲ್ಲಿ ಹಿರಿಯ ಡಾಕ್ಟರ್, ಇನ್ನೊಂದು ತುದಿಯಲ್ಲಿ ನರ್ಸ್. ಯೂನಿಫಾರ್ಮ್ ಹಾಕುವಂತಿಲ್ಲವಂತೆ, ತಿಳಿನೀಲಿ ಸೀರೆಯಲ್ಲಿ ಬಂದಿದ್ದಳು, ಅವಳದೇ ಆಸ್ಪತ್ರೆಗೆ ನೆಂಟರ ಹಾಗೆ. ನಾನು ಪಂಪನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ.

ಸ್ಲೈಡಪ್ಪ ಸ್ಲೈಡು ಹಾಕಿದರು. ಪಂಪು ಎಷ್ಟೆಷ್ಟು ಪರೀಕ್ಷೆಗಳಲ್ಲಿ ಪಾಸಾಗಿದೆ ಎಂದು ಹೇಳಿದರು. 'ಅಪರೂಪದ ಒಂದು ಸನ್ನಿವೇಶ' ಎನ್ನುವ ಹೊತ್ತಿಗೆ ನಾನು ಎದ್ದು ಗೋಡೆಯ ಹತ್ತಿರ ಹೋಗಿ ಅವರ ಪ್ರೊಜೆಕ್ಟರಿನ ಪ್ಲಗ್ ತೆಗೆದು ಪಂಪಿನದು ಹಾಕಿದೆ. ಅಲ್ಲಿ ಇದ್ದದ್ದೇ ಒಂದು ಪ್ಲಗ್ ಜಾಗ. ಪಂಪನ್ನು ಇಪ್ಪತ್ತಕ್ಕೆ ಓಡಲು ಬಿಟ್ಟೆ.

"ಅವತ್ತು ಏನೇನು ಮಾಡಿದ್ರಿ, ಹಾಗೇ ಮಾಡಿ" ಎಂದೆ ನರ್ಸಿಗೆ.

ಎದ್ದು ಬಂದಳು. ಗುಂಡಿಗಳು ಗೊತ್ತಿದ್ದ ಬೆರಳು. ಎರಡು ಹಾಕಿದಳು.

"ಓಕೆ ಒತ್ತೋ ಮುಂಚೆ ಅಲಾರಂ ಏನಾದ್ರೂ ಆಯ್ತಾ ಅವತ್ತು?"

ನನ್ನ ಮುಖ ನೋಡಿದಳು. "ಆಯ್ತು. ಆಯಾ ಮಂಚ ಸರಿಸೋಕೆ ಅಂತ ಪ್ಲಗ್ ಕಿತ್ತಿದ್ರು. ಕೂಗ್ತು. ಓಕೆ ಒತ್ತಿದೆ, ನಿಲ್ತು. ಅದನ್ನ ಯಾರೂ ಕೇಳ್ಲೇ ಇಲ್ವಲ್ಲ ಅಕ್ಕ."

ಪ್ಲಗ್ ಕಿತ್ತೆ. ಕೂಗಿತು. ಓಕೆ ಒತ್ತಿದಳು. ನಿಂತಿತು. ಸ್ಕ್ರೀನಿನ ಮೇಲೆ ಎರಡು. ಎಲ್ಲರೂ ಬಗ್ಗಿ ನಳಿಕೆಯ ತುದಿ ನೋಡುತ್ತಿದ್ದರು. ಹಿರಿಯ ಡಾಕ್ಟರ್ ತಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಹನಿ ಎಣಿಸಿದರು. ಎಣಿಸಿ ಮುಗಿಸಿ, ಇನ್ನೊಮ್ಮೆ ಎಣಿಸಿದರು. ಆಮೇಲೆ ಕನ್ನಡಕ ತೆಗೆದು, "ಇದೇ ಮಾದರಿ ಪಂಪು ವಾರ್ಡಲ್ಲಿ ಇರೋವನ್ನೆಲ್ಲ ಈಗ್ಲೇ ತೆಗೆಸಿ" ಎಂದು ಪಕ್ಕದವರಿಗೆ ಹೇಳಿದರು. ನರ್ಸಿನ ಕಡೆ ತಿರುಗಿ, "ನಾಳೆಯಿಂದ ಬಾಮ್ಮ" ಎಂದರು.

ಅವಳು ಅಳಲಿಲ್ಲ. "ಒಂದು ತಿಂಗಳಿಂದ ಹೇಳ್ತಿದ್ದೆ ಮೇಡಂ" ಎಂದಳು. ಕೋಣೆಯಲ್ಲಿದ್ದವರೆಲ್ಲ ಕೆಳಗೆ ನೋಡಿದರು. ನಾನೂ.

ಜುಲೈ 24, ಬುಧವಾರ

ಪಂಪು ಓಡುವ ಆಸ್ಪತ್ರೆಗಳಿಗೆಲ್ಲ ಕೊನೆಗೂ ಕಾಗದ ಹೋಯಿತು. ದೋಷವನ್ನೂ ಸರಿಪಡಿಸಿಯಾಯಿತು. ಹಳೆ ಭಾಷೆಯಲ್ಲೇ, ನಾಲ್ಕು ಸಾಲು. ಸ್ಲೈಡಪ್ಪ ಅದನ್ನು ಎಲ್ಲರಿಗೂ ತೋರಿಸಿದರು. "ನೋಡಿ ಮೇಡಂ, ಇಷ್ಟಕ್ಕೆ ನಿಮ್ಮ ಆ ಭಾಷೆ ಬೇಕೇ ಆಗ್ಲಿಲ್ಲ."

"ಉತ್ತರ ಬರೆಯೋಕೆ ಬೇಕಾಗ್ಲಿಲ್ಲ ಸರ್. ಪ್ರಶ್ನೆ ಕೇಳಿದ್ದು ಯಾರು?" ಎಂದೆ.

ಯಾರೋ ಹಿಂದಿನಿಂದ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

ಆಗಸ್ಟ್ 1, ಗುರುವಾರ

ಹೊಸ ಪ್ರಾಜೆಕ್ಟಿನಲ್ಲಿ ನನ್ನ ಹೆಸರಿಲ್ಲ. ಪರೀಕ್ಷೆ ಬರೆದವರಿಗೆ ಮಾತ್ರ. ನನ್ನನ್ನು ಕೆಳಮಹಡಿಯ ದೂರು ವಿಭಾಗಕ್ಕೆ ಹಾಕಿದ್ದಾರೆ, ಆಸ್ಪತ್ರೆಗಳಿಂದ ಬರುವ ಫೋನು ಎತ್ತಲು. ಕಿಟಕಿಯಿಲ್ಲ. ಕುರ್ಚಿಯ ಒಂದು ಗಾಲಿ ತಿರುಗುವುದಿಲ್ಲ. ಮಗಳಿಗೆ ಸಿಟ್ಟು ನೆತ್ತಿಗೇರಿತ್ತು. "ಎಷ್ಟೋ ಜೀವ ಉಳಿಸಿದ್ದಕ್ಕೆ ಇದಾ?" ಎಂದು ಕೂಗಾಡಿದಳು. ಆಮೇಲೆ, ಜಗಳಗಂಟಿಯ ಮೊದಲ ಪಾಠ ಎಲ್ಲಿ ಸಿಗುತ್ತದೆಂದು ಕೇಳಿದಳು. ಕೊಟ್ಟೆ.

ಇವತ್ತು ನಾಲ್ಕು ಫೋನು ಬಂದವು. ನಾಲ್ಕರಲ್ಲೂ ನರ್ಸುಗಳು ಮೊದಲು ಕ್ಷಮೆ ಕೇಳಿಯೇ ಮಾತು ಶುರು ಮಾಡಿದರು. ತಪ್ಪು ನಮ್ಮದೇ ಇರಬಹುದು ಮೇಡಂ, ಆದರೂ...

ಆದರೂ ಹೇಳಿ ಎಂದೆ, ನಾಲ್ವರಿಗೂ.

ಆಗಸ್ಟ್ 12, ಸೋಮವಾರ

ಹಸುಗೂಸುಗಳಿಗೆ ಹಾಕುವ ಚಿಕ್ಕ ಪಂಪಿನ ನಕಲು ಶುರು ಮಾಡಿದ್ದೇನೆ. ಬೆಳಗಿನ ಒಂದೂವರೆ ಗಂಟೆ ಸಾಲುತ್ತಿಲ್ಲ. ಮೇಷ್ಟರಿಗೆ ಬರೆದಿದ್ದೆ. ಆ ಗುಂಪಿನಲ್ಲಿ ಹೊಸಬರೊಬ್ಬರ ಪ್ರಶ್ನೆಗೆ ನೀನೇ ಉತ್ತರ ಕೊಡು ಎಂದರು. ಕೊಟ್ಟೆ.

ಆಗಸ್ಟ್ 21, ಬುಧವಾರ

ಎರಡನೇ ಬ್ಯಾಚು ಸೋಮವಾರ ಶುರುವಂತೆ. ಸ್ಲೈಡಪ್ಪ ಮೀಟಿಂಗಿನಲ್ಲಿ ಎಲ್ಲರ ಮುಂದೆ ಕೇಳಿದರು, "ಮೇಡಂ, ಕೊನೇ ಅವಕಾಶ. ಮೇಲಕ್ಕೆ ವಾಪಸು ಬರಬಹುದು."

ಬರುವುದಿಲ್ಲ ಎಂದೆ. ದೂರು ವಿಭಾಗದ ಫೋನುಗಳಿಗೆ 'ಬಳಸಿದವರ ತಪ್ಪು' ಎಂದು ಮೊದಲೇ ಅಚ್ಚು ಹಾಕಿಟ್ಟಿರುವ ಉತ್ತರವನ್ನು ಇನ್ನು ಮುಂದೆ ಓದುವುದಿಲ್ಲ ಎಂದೆ. ಮಕ್ಕಳ ಪಂಪಿನಲ್ಲಿ ಉತ್ತರವಿಲ್ಲದ ಎರಡು ಪ್ರಶ್ನೆಗಳಿವೆ, ಪರೀಕ್ಷಿಸಲು ನಿಜವಾದ ಪಂಪು ಬೇಕು ಎಂದೆ. ಅರ್ಜಿ ಕೊಡಿ, ನೋಡೋಣ ಎಂದರು. ಎದ್ದು, ಕಪಾಟಿನಿಂದ ಒಂದನ್ನು ತೆಗೆದು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದೆ. ಯಾರೂ ತಡೆಯಲಿಲ್ಲ.

ಇವತ್ತು ಏನು ಬರೆಯಲಿ ಎಂದು ಆಗಿನಿಂದ ಪೆನ್ನು ಹಿಡಿದು ಕೂತಿದ್ದೇನೆ. ಹೇಳಬೇಕಾದ್ದೆಲ್ಲ ಅಲ್ಲೇ ಹೇಳಿಯಾಗಿದೆ. ಟೀ ಆರುತ್ತಿದೆ.